ಕೊನೆಯ ಐವತ್ತು ಮೀಟರ್: ಡಿಜಿಟಲ್ ನಕ್ಷೆಗೆ ತುಮಕೂರಿನ ಬಾಗಿಲುಗಳು ಕಾಣುವುದು ಯಾವಾಗ?

ತುಮಕೂರಿನ ಎಂ.ಜಿ. ರಸ್ತೆಯಲ್ಲಾಗಲಿ, ಅಶೋಕ ರಸ್ತೆಯಲ್ಲಾಗಲಿ ವಾಣಿಜ್ಯ ಕಟ್ಟಡಗಳಿಗೆ ಒಂದು ಮಾಮೂಲಿ ರಚನೆ ಇದೆ. ನೆಲಮಹಡಿಯ ಮುಂಭಾಗವೆಲ್ಲ ಅಂಗಡಿಗಳ ಷಟರ್. ರಸ್ತೆಗೆ ಮುಖ ಮಾಡಿದ ಜಾಗಕ್ಕೇ ಹೆಚ್ಚು ಬಾಡಿಗೆ ಬರುವುದರಿಂದ ಅದರಲ್ಲಿ ಒಂದಡಿಯನ್ನೂ ಮೆಟ್ಟಿಲಿಗೆ ಬಿಟ್ಟುಕೊಡಲು ಮಾಲೀಕರಿಗೆ ಮನಸ್ಸಾಗುವುದಿಲ್ಲ. ಹೀಗಾಗಿ ಮೇಲಿನ ಮಹಡಿಗೆ ಹೋಗುವ ಮೆಟ್ಟಿಲು ಎರಡು ಅಂಗಡಿಗಳ ನಡುವಿನ ಸಂದಿಗೋ, ಪಕ್ಕದ ಓಣಿಗೋ, ಹಿಂಬದಿಯ ಪಾರ್ಕಿಂಗ್ ಜಾಗಕ್ಕೋ ಸರಿದುಹೋಗುತ್ತದೆ. ಆ ಮೇಲಿನ ಮಹಡಿಗಳಲ್ಲಿ ಇರುವುದಾದರೂ ಏನು? ಮೂಳೆ ವೈದ್ಯರ ಕ್ಲಿನಿಕ್, ರಕ್ತ ಪರೀಕ್ಷೆಯ ಲ್ಯಾಬ್, ವಕೀಲರ ಕಚೇರಿ, ಟ್ಯೂಷನ್ ಕೇಂದ್ರ. ಮೊಬೈಲ್ ನಕ್ಷೆ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಸ್ಥಳ ತಲುಪಿದ್ದೀರಿ ಎಂದು ಹೇಳಿದ ಮೇಲೆ ಜನ ಕೆಳಗಿನ ಔಷಧಿ ಅಂಗಡಿಯವರನ್ನು ಕೇಳುತ್ತಾರೆ. ಅವರು ವ್ಯಾಪಾರದ ನಡುವೆಯೂ ಕೈ ಚಾಚಿ ಸಂದಿಯನ್ನು ತೋರಿಸುತ್ತಾರೆ. ನಕ್ಷೆಯಲ್ಲಿ ಇಲ್ಲದ ಈ ಕೊನೆಯ ಮಾಹಿತಿಯನ್ನು ನಮ್ಮ ಊರಿನಲ್ಲಿ ಹೊತ್ತಿರುವವರು ಇವರೇ.

ಡಿಜಿಟಲ್ ನಕ್ಷೆ ತಯಾರಕರು ಈಗ ಈ ಕೊನೆಯ ತುಣುಕಿನತ್ತ ತಿರುಗಿದ್ದಾರೆ. ಗೂಗಲ್ ಸಂಸ್ಥೆಯು ಆ್ಯಪ್ ತಯಾರಕರಿಗೆ ನೀಡುವ ವಿಳಾಸ ಸೇವೆಯಲ್ಲಿ ಕಟ್ಟಡದ ಗಡಿರೇಖೆಯನ್ನೂ ಪ್ರವೇಶದ್ವಾರದ ಬಿಂದುವನ್ನೂ ಕೇಳಿ ಪಡೆಯುವ ಅವಕಾಶ ಬಂದಿದೆ. ಸಾರ್ವಜನಿಕರೇ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮುಖ್ಯದ್ವಾರ, ಸರಕು ದ್ವಾರ, ತುರ್ತು ನಿರ್ಗಮನ ಎಂದು ಬೇರೆ ಬೇರೆಯಾಗಿ ಗುರುತಿಸುವ ಪದ್ಧತಿ ಬಹಳ ಹಿಂದಿನಿಂದಲೇ ಇದೆ. ಮುಂದಿನ ಹೆಜ್ಜೆ ಎಂದರೆ ಒಂದೇ ಕಟ್ಟಡಕ್ಕೆ ಹೊರಟ ಇಬ್ಬರನ್ನು, ಅವರವರ ಅಗತ್ಯಕ್ಕೆ ತಕ್ಕಂತೆ, ಎರಡು ಬೇರೆ ಬಾಗಿಲುಗಳಿಗೆ ಕರೆದೊಯ್ಯುವುದು. ಅನುಕೂಲ ಎಷ್ಟೆಂಬುದು ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಕ್ಲಿನಿಕ್ ಹುಡುಕಿದವರಿಗೆಲ್ಲ ಗೊತ್ತು. ಆದರೆ ಯಾರು ಯಾವ ಬಾಗಿಲಿಗೆ ಎಂಬುದನ್ನು ತೀರ್ಮಾನಿಸುವವರು ಯಾರು, ಬಾಗಿಲಿನ ಮಾಹಿತಿ ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳು ಇನ್ನೂ ಇತ್ಯರ್ಥವಾಗಿಲ್ಲ. ಇವನ್ನು ಕಂಪನಿಗಳ ಕೈಗೆ ಬಿಟ್ಟು ಕಾಯುವುದರಿಂದ ತುಮಕೂರಿನಂಥ ಊರಿಗೆ ನ್ಯಾಯ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಾಗಿಲಿನ ವಿವರ ಸಾರ್ವಜನಿಕ ದಾಖಲೆಯಾಗಬೇಕು. ಆಯ್ಕೆ ಬಾಗಿಲಿನ ಬಳಿ ಬರುವವರದ್ದೇ ಆಗಬೇಕು.

ಪಿನ್ ಎಲ್ಲಿ ಬೀಳುತ್ತದೆ?

ಸಮಸ್ಯೆಯ ಬೇರು ನಕ್ಷೆಯ ಒಳಗಿನ ಲೆಕ್ಕದಲ್ಲಿದೆ. ನಾವು ಹೆಸರನ್ನೋ ವಿಳಾಸವನ್ನೋ ಟೈಪ್ ಮಾಡಿದಾಗ ವ್ಯವಸ್ಥೆ ಅದನ್ನು ಒಂದು ಬಿಂದುವಾಗಿ ಬದಲಿಸುತ್ತದೆ. ಸಾಮಾನ್ಯವಾಗಿ ಆ ಬಿಂದು ಕಟ್ಟಡದ ಅಥವಾ ಆವರಣದ ನಡುಮಧ್ಯ ಬೀಳುತ್ತದೆ. ಆದರೆ ದಾರಿ ಹುಡುಕುವ ಲೆಕ್ಕ ನಡೆಯುವುದು ರಸ್ತೆಗಳ ಜಾಲದ ಮೇಲೆ. ಆದ್ದರಿಂದ ವ್ಯವಸ್ಥೆ ಆ ನಡುಬಿಂದುವಿಗೆ ಅತಿ ಹತ್ತಿರದ ರಸ್ತೆ ಯಾವುದೆಂದು ನೋಡಿ, ಆ ರಸ್ತೆಯ ಮೇಲೆ ಪ್ರಯಾಣವನ್ನು ಮುಗಿಸುತ್ತದೆ. ಮೂವತ್ತು–ನಲವತ್ತರ ನಿವೇಶನದ ಮನೆಗೆ ಇದು ಸಾಕಾಗುತ್ತದೆ. ಎಕರೆಗಟ್ಟಲೆ ಹರಡಿದ ಕಾಲೇಜಿಗೆ, ಆಸ್ಪತ್ರೆಗೆ, ಕಚೇರಿ ಸಂಕೀರ್ಣಕ್ಕೆ ಸಾಲುವುದಿಲ್ಲ. ನಡುಬಿಂದುವಿಗೆ ಹಿಂದಿನ ಬಡಾವಣೆಯ ಅಡ್ಡರಸ್ತೆ ಹತ್ತಿರವಿದ್ದರೆ ದಾರಿ ಅಲ್ಲಿಗೇ ಹೋಗುತ್ತದೆ. ನಡುವೆ ಕಾಂಪೌಂಡ್ ಗೋಡೆ ಇದೆ ಎಂಬುದು ಲೆಕ್ಕಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಗೋಡೆಯನ್ನೂ ಗೇಟನ್ನೂ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ.

ಬಿ.ಎಚ್. ರಸ್ತೆಯಂಥ ವಿಭಜಕವಿರುವ ರಸ್ತೆಯಲ್ಲಿ ಈ ತಪ್ಪಿನ ಬೆಲೆ ಹೆಚ್ಚು. ಗೇಟು ಎದುರಿನ ಬದಿಯಲ್ಲಿದ್ದರೆ ಮುಂದಿನ ತಿರುವಿನವರೆಗೆ ಹೋಗಿ ಹಿಂದಿರುಗಬೇಕು. ಕ್ಯಾತ್ಸಂದ್ರದ ಬಳಿ ಹೆದ್ದಾರಿ ಒಂದು ಕಡೆ, ಸರ್ವಿಸ್ ರಸ್ತೆ ಇನ್ನೊಂದು ಕಡೆ. ಹೆದ್ದಾರಿಯ ಮೇಲೆ ಉಳಿದವರಿಗೆ ಕಟ್ಟಡ ಕಣ್ಣೆದುರೇ ಕಂಡರೂ ಒಳಗೆ ಹೋಗುವ ದಾರಿ ತಪ್ಪಿರುತ್ತದೆ. ಬೈಕಿನಲ್ಲಿ ಬಂದವರು ಇಂಥ ಹೊತ್ತಿನಲ್ಲಿ ವಿರುದ್ಧ ದಿಕ್ಕಿನಲ್ಲಿ ನುಗ್ಗುವುದನ್ನು ಪ್ರತಿದಿನ ನೋಡುತ್ತೇವೆ. ಅದಕ್ಕೆ ಶಿಸ್ತಿನ ಕೊರತೆ ಕಾರಣ ಹೌದು. ಅದರ ಜೊತೆಗೆ, ಗೇಟು ಯಾವ ಬದಿಯಲ್ಲಿದೆ ಎಂದು ಅರ್ಧ ಕಿಲೋಮೀಟರ್ ಮೊದಲೇ ಹೇಳದ ನಕ್ಷೆಯ ಪಾಲೂ ಇದೆ.

ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಯಾವುದೇ ಜಿಲ್ಲಾ ಮಟ್ಟದ ಆಸ್ಪತ್ರೆಯೆಂದರೆ ಒಂದು ಕಟ್ಟಡವಲ್ಲ, ಒಂದು ಪುಟ್ಟ ಬಡಾವಣೆ. ಹೊರರೋಗಿ ವಿಭಾಗ ಹಗಲಿನಲ್ಲಷ್ಟೇ ತೆರೆದಿರುತ್ತದೆ. ತುರ್ತು ಚಿಕಿತ್ಸೆಯ ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಹೆರಿಗೆ ವಾರ್ಡು, ಡಯಾಲಿಸಿಸ್ ಘಟಕ, ಲಸಿಕೆ ಕೊಠಡಿ, ಶವಾಗಾರ ಎಲ್ಲಕ್ಕೂ ತಮ್ಮ ತಮ್ಮ ದಾರಿ. ನಕ್ಷೆಯಲ್ಲಿ ಇವೆಲ್ಲವೂ ಒಂದೇ ಪಿನ್. ಪಾವಗಡದಿಂದಲೋ ಸಿರಾದಿಂದಲೋ ರಾತ್ರಿ ಹೊತ್ತು ಬಾಡಿಗೆ ಕಾರಿನಲ್ಲಿ ಹೆರಿಗೆ ನೋವಿನ ಮಗಳನ್ನು ಕರೆತರುವ ಕುಟುಂಬಕ್ಕೆ ಬೇಕಾಗಿರುವುದು ಆಸ್ಪತ್ರೆಯ ಹೆಸರಲ್ಲ. ಆ ಹೊತ್ತಿಗೆ ತೆರೆದಿರುವ, ಸ್ಟ್ರೆಚರ್ ಬರುವ ಬಾಗಿಲು. ನಮ್ಮ ಬಂಧುಗಳೊಬ್ಬರನ್ನು ರಾತ್ರಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ನಕ್ಷೆ ತೋರಿಸಿದ ಗೇಟಿಗೆ ಬೀಗ ಬಿದ್ದಿತ್ತು. ಆವರಣವನ್ನು ಸುತ್ತಿ ಇನ್ನೊಂದು ಗೇಟು ಹುಡುಕಿದ ಆ ಹೊತ್ತು ಎಷ್ಟು ದೀರ್ಘವಾಗಿತ್ತು ಎಂಬುದು ಇಂದಿಗೂ ಮನಸ್ಸಿನಲ್ಲಿದೆ.

ಪರೀಕ್ಷಾ ಕೇಂದ್ರಗಳದ್ದೂ ಇದೇ ಕಥೆ. ನೀಟ್ ಪರೀಕ್ಷೆಗೆ ಮಧ್ಯಾಹ್ನ 1.30ರ ನಂತರ ಒಳಗೆ ಬಿಡುವುದಿಲ್ಲ. ಪ್ರವೇಶಪತ್ರದಲ್ಲಿ ಕಾಲೇಜಿನ ಹೆಸರು, ವಿಳಾಸ ಇರುತ್ತವೆ. ನಾಲ್ಕು ಗೇಟುಗಳಲ್ಲಿ ಯಾವುದು ತೆರೆದಿರುತ್ತದೆ ಎಂಬ ವಿವರ ಇರುವುದಿಲ್ಲ. ಎರಡು ವರ್ಷ ಓದಿದ ಹುಡುಗಿಯೊಬ್ಬಳು ತಪ್ಪು ಗೇಟಿನ ಮುಂದೆ ನಿಂತು ಕಳೆಯುವ ಹತ್ತು ನಿಮಿಷಕ್ಕೆ ಯಾವ ಪರಿಹಾರವೂ ಇಲ್ಲ.

ಯಾರಿಗೆ ಯಾವ ಬಾಗಿಲು: ಲೆಕ್ಕ ಹೇಗೆ ನಡೆಯುತ್ತದೆ

ದಾರಿ ಹುಡುಕುವ ಲೆಕ್ಕಕ್ಕೆ ತಳಹದಿಯಾದ ವಿಧಾನವನ್ನು ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ರಸ್ತೆಯ ಪ್ರತಿ ತುಂಡಿಗೂ ಒಂದು ವೆಚ್ಚ ನಿಗದಿ ಮಾಡಿ, ಒಟ್ಟು ವೆಚ್ಚ ಅತಿ ಕಡಿಮೆ ಇರುವ ಹಾದಿಯನ್ನು ಕಂಡುಹಿಡಿಯುವುದು ಅದರ ತಿರುಳು. ವೆಚ್ಚ ಎಂದರೆ ದೂರ ಆಗಬಹುದು, ಸಮಯ ಆಗಬಹುದು, ಆಯಾಸವೂ ಆಗಬಹುದು. ವೈಯಕ್ತಿಕ ಮಾರ್ಗದರ್ಶನ ಎಂದರೆ ಈ ವೆಚ್ಚವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹಾಕುವುದು. ಗಮ್ಯಸ್ಥಾನ ಒಂದೇ ಬಿಂದು ಎಂದು ಭಾವಿಸುವ ಬದಲು ಕಟ್ಟಡದ ಎಲ್ಲ ಬಾಗಿಲುಗಳನ್ನೂ ಗುರಿಯಾಗಿ ಇಟ್ಟು, ಯಾವ ಬಾಗಿಲಿನ ಮೂಲಕ ಒಟ್ಟು ವೆಚ್ಚ ಕಡಿಮೆ ಎಂದು ಕೇಳಿದರಾಯಿತು. ಗಣಿತದ ದೃಷ್ಟಿಯಿಂದ ಇದು ಕಷ್ಟದ ಕೆಲಸವೇ ಅಲ್ಲ.

ಒಂದು ಕಾಲ್ಪನಿಕ ಕಟ್ಟಡದ ಲೆಕ್ಕ ಮಾಡಿ ನೋಡೋಣ. ಮುಂಬಾಗಿಲಿಗೆ ವಾಹನ ಇಳಿದ ಜಾಗದಿಂದ 20 ಮೀಟರ್ ನಡಿಗೆ, ಆರು ಮೆಟ್ಟಿಲು. ಪಕ್ಕದ ಓಣಿಯ ಬಾಗಿಲಿಗೆ 90 ಮೀಟರ್ ನಡಿಗೆ, ಮೆಟ್ಟಿಲಿಲ್ಲ, ಇಳಿಜಾರು ಇದೆ. ಕಾಲು ಗಟ್ಟಿ ಇರುವ ಯುವಕನಿಗೆ ಒಂದು ಮೆಟ್ಟಿಲು ಎಂದರೆ ಒಂದು ಮೀಟರ್ ನಡಿಗೆಯಷ್ಟೇ ಶ್ರಮ ಎಂದುಕೊಂಡರೆ ಮುಂಬಾಗಿಲಿನ ವೆಚ್ಚ 26, ಓಣಿಯದ್ದು 90. ಅವನು ಮುಂದಿನಿಂದಲೇ ಹೋಗುತ್ತಾನೆ. ಮೊಣಕಾಲು ಸವೆದ ಅಜ್ಜಿಗೆ ಒಂದು ಮೆಟ್ಟಿಲು 15 ಮೀಟರ್ ನಡಿಗೆಗೆ ಸಮ ಎಂದುಕೊಂಡರೆ ಮುಂಬಾಗಿಲಿನ ವೆಚ್ಚ 110ಕ್ಕೆ ಏರುತ್ತದೆ. ಅವರಿಗೆ ಓಣಿಯೇ ಮೇಲು. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದೇ ಒಂದು ಮೆಟ್ಟಿಲಿದ್ದರೂ ಆ ಬಾಗಿಲಿನ ವೆಚ್ಚ ಅನಂತ. ಕಟ್ಟಡ ಅದೇ, ವಿಳಾಸ ಅದೇ, ಉತ್ತರ ಮಾತ್ರ ಬೇರೆ. ಮಂಡಿಪೇಟೆಗೆ ಮೂಟೆ ತರುವ ಲಾರಿಗೆ ಗೋದಾಮಿನ ಷಟರ್ ಬೇಕು, ಅದೇ ಮಳಿಗೆಗೆ ಬರುವ ಗಿರಾಕಿಗೆ ಅಂಗಡಿಯ ಮುಂಭಾಗ ಬೇಕು. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೂ ದನಗಳ ಪರಿಷೆಗೂ ಜನ ಸೇರುವಾಗ ಉಳಿದ ದಿನಗಳ ದಾರಿಯನ್ನು ನಂಬಿ ಹೊರಡುವಂತಿಲ್ಲ. ಅಂದರೆ ಬಾಗಿಲಿಗೆ ಸ್ಥಳದ ಜೊತೆಗೆ ಕಾಲವೂ ಅಂಟಿಕೊಂಡಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಳಿಜಾರು ಇದೆ ಎಂದು ಗುರುತು ಹಾಕಿದ ಮಾತ್ರಕ್ಕೆ ಅದು ಬಳಕೆಗೆ ಬರುತ್ತದೆ ಎಂದರ್ಥವಲ್ಲ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಪ್ರಕಾರ ಇಳಿಜಾರು 1:12ಕ್ಕಿಂತ, ಅಂದರೆ ಹನ್ನೆರಡು ಅಡಿ ಉದ್ದಕ್ಕೆ ಒಂದಡಿ ಏರುವುದಕ್ಕಿಂತ, ಕಡಿದಾಗಿರಬಾರದು. ಹದಿನೈದು ಸೆಂಟಿಮೀಟರ್ ಎತ್ತರದ ಆರು ಮೆಟ್ಟಿಲು ಎಂದರೆ 90 ಸೆಂಟಿಮೀಟರ್. ಅದನ್ನು ಏರಲು ಕನಿಷ್ಠ 10.8 ಮೀಟರ್ ಉದ್ದದ ಇಳಿಜಾರು ಬೇಕು. ಮುಖ್ಯರಸ್ತೆಯ ಕಟ್ಟಡಗಳ ಮುಂದೆ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಎರಡು–ಮೂರು ಮೀಟರಿನಲ್ಲೇ ಕಡಿದಾಗಿ ಸಿಮೆಂಟು ಬಳಿದು ಇಳಿಜಾರು ಎಂದು ಕರೆಯುತ್ತಾರೆ. ಬೈಕು ಹತ್ತಿಸಲು ಅದು ಆಗುತ್ತದೆ, ಗಾಲಿಕುರ್ಚಿ ತಳ್ಳಲು ಆಗುವುದಿಲ್ಲ. ನಕ್ಷೆಯಲ್ಲಿ ಹೌದು–ಇಲ್ಲ ಎಂಬ ಒಂದೇ ಗುರುತಿದ್ದರೆ ಎರಡೂ ಒಂದೇ ಆಗಿಬಿಡುತ್ತವೆ. ಇಳಿಜಾರಿನ ಪ್ರಮಾಣ, ಬಾಗಿಲಿನ ಅಗಲ, ಮೆಟ್ಟಿಲುಗಳ ಸಂಖ್ಯೆ, ಹಿಡಿಕಂಬಿ ಇದೆಯೇ ಎಂಬ ವಿವರ ಅಂಕಿಯಲ್ಲಿ ಸಿಗಬೇಕು. ಬೇರೆಯವರು ತೀರ್ಪು ಹೇಳುವುದಕ್ಕಿಂತ ಅಳತೆ ಹೇಳಿದರೆ, ತನಗೆ ಆಗುತ್ತದೋ ಇಲ್ಲವೋ ಎಂದು ಬರುವವರೇ ನಿರ್ಧರಿಸಬಲ್ಲರು.

ಬಾಗಿಲನ್ನು ಕಂಪನಿಗಳು ಹೇಗೆ ಕಂಡುಹಿಡಿಯುತ್ತವೆ?

ಉಪಗ್ರಹ ಚಿತ್ರದಲ್ಲಿ ಕಾಣುವುದು ಚಾವಣಿ. ಗೂಗಲ್‌ನ ಓಪನ್ ಬಿಲ್ಡಿಂಗ್ಸ್ ದತ್ತಾಂಶದಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳ 180 ಕೋಟಿ ಕಟ್ಟಡಗಳ ಗಡಿರೇಖೆ ಇದೆ, ಒಂದರಲ್ಲೂ ಬಾಗಿಲಿಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳು ಹಳ್ಳಿಯ ಮನೆಗಳನ್ನು ಅಳೆಯುತ್ತವೆ. ಅವೂ ನೋಡುವುದು ಮೇಲಿನಿಂದ. ಬಾಗಿಲು ಕಾಣಬೇಕಾದರೆ ಬೀದಿಯ ಮಟ್ಟಕ್ಕೆ ಇಳಿಯಬೇಕು.

ಬೀದಿ ಚಿತ್ರಗಳಿಂದ ಯಂತ್ರಕಲಿಕೆಯ ಮೂಲಕ ಬಾಗಿಲು ಗುರುತಿಸುವುದು ಒಂದು ವಿಧಾನ. ಭಾರತದಲ್ಲಿ ಗೂಗಲ್‌ನ ಬೀದಿ ಚಿತ್ರಗಳ ಸ್ಟ್ರೀಟ್ ವ್ಯೂ ಸೇವೆ 2022ರ ಜುಲೈನಲ್ಲಿ ಜೆನೆಸಿಸ್ ಮತ್ತು ಟೆಕ್ ಮಹೀಂದ್ರ ಕಂಪನಿಗಳ ಜೊತೆಗೂಡಿ ಆರಂಭವಾಯಿತು. 2021ರ ಫೆಬ್ರುವರಿಯ ಭೂದತ್ತಾಂಶ ಮಾರ್ಗಸೂಚಿಯು ಬೀದಿ ಮಟ್ಟದ ಇಂಥ ಸಮೀಕ್ಷೆಯನ್ನು ಭಾರತೀಯ ಸಂಸ್ಥೆಗಳಿಗಷ್ಟೇ ಬಿಟ್ಟಿದ್ದರಿಂದ ಈ ಪಾಲುದಾರಿಕೆ ಬೇಕಾಯಿತು. ಆದರೆ ಕ್ಯಾಮೆರಾ ಹೊತ್ತ ಕಾರು ಓಡಾಡುವುದು ಕಾರು ಹಿಡಿಸುವ ರಸ್ತೆಗಳಲ್ಲಿ. ಚಿಕ್ಕಪೇಟೆಯ ಹಳೆಯ ಓಣಿಗೆ, ಎರಡು ಅಂಗಡಿಗಳ ನಡುವಿನ ಸಂದಿಗೆ ಅದು ಹೋಗುವುದಿಲ್ಲ. ನಮ್ಮ ಮೆಟ್ಟಿಲುಗಳು ಇರುವುದು ಅಲ್ಲೇ.

ಇನ್ನೊಂದು ವಿಧಾನ ಜನರ ಹೆಜ್ಜೆಗುರುತುಗಳಿಂದ ಕಲಿಯುವುದು. ಡೆಲಿವರಿ ಹುಡುಗರು ಎಲ್ಲಿ ಗಾಡಿ ನಿಲ್ಲಿಸಿದರು, ಆಟೊದಿಂದ ಪ್ರಯಾಣಿಕರು ಎಲ್ಲಿ ಇಳಿದರು, ಸಾವಿರಾರು ಫೋನುಗಳ ಚಲನೆ ಎಲ್ಲಿ ಕಟ್ಟಡದೊಳಗೆ ಮರೆಯಾಯಿತು ಎಂಬುದನ್ನು ಒಟ್ಟುಗೂಡಿಸಿದರೆ ಬಾಗಿಲಿನ ಜಾಗ ಅಂದಾಜಾಗುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನಿನ ಜಿಪಿಎಸ್ ನಿಖರತೆ ಸುಮಾರು 4.9 ಮೀಟರ್, ಎತ್ತರದ ಕಟ್ಟಡಗಳ ನಡುವೆ ಅದು ಇನ್ನೂ ಕೆಡುತ್ತದೆ. ಒಬ್ಬರ ಗುರುತು ನಂಬಲಾಗದಿದ್ದರೂ ಸಾವಿರ ಜನರ ಸರಾಸರಿಯನ್ನು ನಂಬಬಹುದು. ಅಗ್ಗವಾದ, ತಾನಾಗಿಯೇ ನವೀಕರಣಗೊಳ್ಳುವ ಈ ವಿಧಾನ ಕಂಪನಿಗಳಿಗೆ ಆಕರ್ಷಕವಾಗಿರುವುದು ಸಹಜ.

ನನ್ನ ಮುಖ್ಯ ಆಕ್ಷೇಪ ಇರುವುದೂ ಇದರ ಬಗ್ಗೆಯೇ. ಹೆಜ್ಜೆಗುರುತು ಬೀಳುವುದು ಬಂದವರದ್ದು. ಆರು ಮೆಟ್ಟಿಲು ನೋಡಿ ಬಾಗಿಲಿನಿಂದಲೇ ಹಿಂದಿರುಗಿದ ಗಾಲಿಕುರ್ಚಿಯವರ ಗುರುತು ಎಲ್ಲಿದೆ? ಅಲ್ಲಿಗೆ ಹೋಗಲಾಗುವುದಿಲ್ಲ ಎಂದು ಮೊದಲೇ ಗೊತ್ತಿದ್ದು ಮನೆಯಲ್ಲೇ ಉಳಿದವರದ್ದಂತೂ ಯಾವ ದತ್ತಾಂಶದಲ್ಲೂ ಇರುವುದಿಲ್ಲ. ಸಾವಿರ ಬೈಕುಗಳು ನಿಂತ ಜಾಗವನ್ನು ವ್ಯವಸ್ಥೆ ಬಾಗಿಲು ಎಂದು ಕಲಿಯುತ್ತದೆ. ವರ್ಷಕ್ಕೆ ಹತ್ತು ಜನ ಬಳಸಿದ ಪಕ್ಕದ ಇಳಿಜಾರನ್ನು ದತ್ತಾಂಶದ ಆಕಸ್ಮಿಕ ದೋಷವೆಂದು ಅಳಿಸಿಹಾಕುತ್ತದೆ. ಕಡಿಮೆ ಜನ ಬಳಸುತ್ತಾರೆಂದು ನಕ್ಷೆಯಲ್ಲಿ ಇಲ್ಲ, ನಕ್ಷೆಯಲ್ಲಿ ಇಲ್ಲವೆಂದು ಇನ್ನೂ ಕಡಿಮೆ ಜನ ಬಳಸುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ಅದಕ್ಕೆ ಗರ್ಭಿಣಿಯರನ್ನು, ಮಂಡಿನೋವಿನ ಹಿರಿಯರನ್ನು, ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವರನ್ನು, ಮಗುವಿನ ಗಾಡಿ ತಳ್ಳುವವರನ್ನು ಸೇರಿಸಿ. ಬಹುಮತದ ಹೆಜ್ಜೆಯಿಂದ ಕಟ್ಟಿದ ನಕ್ಷೆ ಇವರಿಗೆಲ್ಲ ತಪ್ಪು ಬಾಗಿಲನ್ನೇ ತೋರಿಸುತ್ತದೆ.

ಬರ್ಲಿನ್‌ನ ಸೊಸಿಯಾಲ್‌ಹೆಲ್ಡನ್ ಸಂಸ್ಥೆ 2010ರಲ್ಲಿ ವೀಲ್‌ಮ್ಯಾಪ್ ಆರಂಭಿಸಿದಾಗ ಹಿಡಿದ ದಾರಿ ಇದಕ್ಕೆ ಎದುರಾದದ್ದು. ಜನರೇ ಸ್ಥಳಕ್ಕೆ ಹೋಗಿ ನೋಡಿ ಗಾಲಿಕುರ್ಚಿಗೆ ಆಗುತ್ತದೆ, ಭಾಗಶಃ ಆಗುತ್ತದೆ, ಆಗುವುದಿಲ್ಲ ಎಂದು ಗುರುತಿಸುತ್ತಾರೆ. ಮಾಹಿತಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿ ಎಲ್ಲರದ್ದಾಗುತ್ತದೆ. ಆಗುವುದಿಲ್ಲ ಎಂಬ ಗುರುತಿಗೂ ಅಲ್ಲಿ ಜಾಗವಿದೆ ಎಂಬುದು ಮುಖ್ಯ. ಹೋಗಿ ಅವಮಾನಪಟ್ಟು ಹಿಂದಿರುಗುವುದನ್ನು ಅದು ತಪ್ಪಿಸುತ್ತದೆ, ಯಾವ ಕಚೇರಿ ಕಾನೂನು ಪಾಲಿಸಿಲ್ಲ ಎಂಬ ಪಟ್ಟಿಯೂ ತಾನಾಗಿ ಸಿದ್ಧವಾಗುತ್ತದೆ.

ಕಾನೂನು ಇದೆ, ಗಡುವು ಮುಗಿದಿದೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 45ನೇ ಕಲಂ ಪ್ರಕಾರ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರ ಪ್ರವೇಶಕ್ಕೆ ಅನುವಾಗುವಂತೆ ಮಾಡಬೇಕಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಅಂದರೆ ಗಡುವು 2022ರ ಜೂನ್‌ಗೇ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನದಂಡಗಳನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದ್ದ ನಿಯಮ ಮೂಲ ಕಾಯ್ದೆಗೆ ವಿರುದ್ಧ ಎಂದು ಹೇಳಿತು. ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಲು ಕೇಂದ್ರಕ್ಕೆ ನಿರ್ದೇಶಿಸಿತು. ಕಟ್ಟಡ ಎಲ್ಲರಿಗೂ ತೆರೆದಿರಬೇಕು ಎನ್ನುವ ಕಾನೂನಿನ ಒಳಗೆ, ಅದು ಎಲ್ಲಿಂದ ತೆರೆದಿದೆ ಎಂದು ಹೇಳುವ ಹೊಣೆಯೂ ಸೇರಿದೆ ಎಂದು ನಾನು ಓದುತ್ತೇನೆ. ಹಿಂಬದಿಯಲ್ಲಿ ಒಳ್ಳೆಯ ಇಳಿಜಾರು ಕಟ್ಟಿ, ಅದರ ಸುಳಿವನ್ನು ಎಲ್ಲೂ ಕೊಡದಿದ್ದರೆ ಖರ್ಚು ಮಾಡಿದ ಹಣವೂ ವ್ಯರ್ಥ.

ಬಾಗಿಲು ಹಂಚುವ ಅಧಿಕಾರ

ವೈಯಕ್ತಿಕ ಎಂಬ ಪದ ಕೇಳಲು ಸೊಗಸಾಗಿದೆ. ನಮ್ಮ ಸಮಾಜದಲ್ಲಿ ಬಾಗಿಲನ್ನು ಮನುಷ್ಯರಿಗೆ ತಕ್ಕಂತೆ ಹಂಚಿದ ಇತಿಹಾಸ ಮಾತ್ರ ಸೊಗಸಾದದ್ದಲ್ಲ. ಯಾರು ತಲೆಬಾಗಿಲಿನಿಂದ, ಯಾರು ಹಿತ್ತಿಲಿನಿಂದ, ಯಾರು ಹೊಸ್ತಿಲಿನಾಚೆಯೇ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಕೆಲವು ಕಡೆ ಇಂದಿಗೂ ತೀರ್ಮಾನಿಸುತ್ತದೆ. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಜಾತಿ, ಧರ್ಮ, ಲಿಂಗದ ಆಧಾರದ ಮೇಲೆ ತಡೆಯುವಂತಿಲ್ಲ ಎಂದು ಸಂವಿಧಾನದ 15(2)ನೇ ವಿಧಿಯಲ್ಲಿ ಬರೆಯಬೇಕಾಗಿ ಬಂದದ್ದು ಆ ಇತಿಹಾಸದ ಕಾರಣಕ್ಕೆ. ಇಂದಿನ ಅಪಾರ್ಟ್‌ಮೆಂಟ್‌ಗಳಲ್ಲಿ ಡೆಲಿವರಿಯವರಿಗೆ, ಮನೆಗೆಲಸದವರಿಗೆ ಬೇರೆ ಗೇಟು, ಬೇರೆ ಲಿಫ್ಟು ತೋರಿಸುವ ಪದ್ಧತಿ ಬೆಳೆಯುತ್ತಿದೆ. ಆ ವಿಂಗಡಣೆಯನ್ನು ನಕ್ಷೆಯೊಳಗೆ ಬರೆದುಬಿಟ್ಟರೆ, ಕಾವಲುಗಾರನ ಜೊತೆ ವಾದ ಮಾಡಬಹುದಾಗಿದ್ದ ಜಾಗದಲ್ಲಿ ಫೋನು ಮೌನವಾಗಿ ಜನರನ್ನು ಬೇರ್ಪಡಿಸುತ್ತದೆ.

ಹಾಗಾಗಿ ಎರಡು ಬಗೆಯ ವೈಯಕ್ತೀಕರಣವನ್ನು ಬಿಡಿಸಿ ನೋಡಬೇಕು. ನನಗೆ ಮೆಟ್ಟಿಲು ಬೇಡ, ನನ್ನ ಬಳಿ ಭಾರದ ಮೂಟೆ ಇದೆ, ನಾನು ಬೈಕು ನಿಲ್ಲಿಸಬೇಕು ಎಂದು ಬರುವವರೇ ಹೇಳಿ, ಅದಕ್ಕೆ ತಕ್ಕ ಬಾಗಿಲನ್ನು ನಕ್ಷೆ ತೋರಿಸುವುದು ಒಂದು ಬಗೆ. ನೀನು ಡೆಲಿವರಿಯವನು, ಆದ್ದರಿಂದ ಹಿಂದಿನ ಗೇಟು ಎಂದು ಕಟ್ಟಡದ ಮಾಲೀಕರೋ ಕಂಪನಿಯೋ ತೀರ್ಮಾನಿಸುವುದು ಇನ್ನೊಂದು. ಮೊದಲನೆಯದರಲ್ಲಿ ಅಗತ್ಯ ಮಾತನಾಡುತ್ತದೆ, ಎರಡನೆಯದರಲ್ಲಿ ಗುರುತು. ಸಾರ್ವಜನಿಕ ಕಟ್ಟಡಗಳ ಮಟ್ಟಿಗಾದರೂ ಎರಡನೆಯ ಬಗೆಗೆ ಅವಕಾಶ ಕೊಡಬಾರದು. ಸರಕು ದ್ವಾರ ಎಂಬ ಗುರುತು ಸರಕಿಗೆ ಸಂಬಂಧಿಸಿದ್ದಾಗಿರಲಿ. ಮೂಟೆ ಇಳಿಸಿದ ಹಮಾಲರು ನೀರು ಕುಡಿಯಲು ಮುಂಬಾಗಿಲಿನಿಂದ ಬರುವುದನ್ನು ಅದು ತಡೆಯಬಾರದು.

ಖಾಸಗಿತನದ ವಿಷಯವೂ ಇಲ್ಲಿಗೇ ಸೇರುತ್ತದೆ. ಬಾಗಿಲಿನ ಮಟ್ಟದ ಮಾಹಿತಿ ರಸ್ತೆಯ ಮಟ್ಟದ ಮಾಹಿತಿಗಿಂತ ಬಹಳ ಹೆಚ್ಚು ಹೇಳುತ್ತದೆ. ಒಬ್ಬರು ಆಸ್ಪತ್ರೆಗೆ ಹೋದರು ಎಂಬುದರಿಂದ ಏನೂ ತಿಳಿಯುವುದಿಲ್ಲ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದ ಬಾಗಿಲಿಗೆ ತಿಂಗಳಿಗೊಮ್ಮೆ ಹೋಗುತ್ತಾರೆ ಎಂಬುದು ಎಲ್ಲವನ್ನೂ ಹೇಳಿಬಿಡುತ್ತದೆ. ಮನೋವೈದ್ಯರ ಕೊಠಡಿ, ಮಹಿಳಾ ಸಾಂತ್ವನ ಕೇಂದ್ರ, ಕೌಟುಂಬಿಕ ನ್ಯಾಯಾಲಯ ಎಲ್ಲದಕ್ಕೂ ಈ ಮಾತು ಅನ್ವಯಿಸುತ್ತದೆ. ಮೆಟ್ಟಿಲು ಹತ್ತಲಾರೆ ಎಂದು ಒಮ್ಮೆ ಹೇಳಿದ್ದನ್ನು ಕಂಪನಿಯ ಸರ್ವರ್ ನೆನಪಿಟ್ಟುಕೊಂಡರೆ ಅದು ಆರೋಗ್ಯದ ದಾಖಲೆಯೇ ಸರಿ. ತಾಂತ್ರಿಕ ಪರಿಹಾರ ಇದೆ: ಬಾಗಿಲುಗಳ ಪಟ್ಟಿಯನ್ನು ಇಡಿಯಾಗಿ ಫೋನಿಗೆ ಇಳಿಸಿಕೊಂಡು, ಆಯ್ಕೆಯ ಲೆಕ್ಕವನ್ನು ಫೋನಿನೊಳಗೇ ಮಾಡುವುದು. ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಇಳಿಸಿಕೊಂಡು ಅಂತರ್ಜಾಲವಿಲ್ಲದೆ ದಾರಿ ತೋರಿಸುತ್ತಿರುವುದರಿಂದ ಇದು ಆಗದ ಮಾತಲ್ಲ. ಆದರೆ ಬಾಗಿಲಿನ ದತ್ತಾಂಶ ಮುಕ್ತವಾಗಿದ್ದರೆ ಮಾತ್ರ ಈ ದಾರಿ ತೆರೆಯುತ್ತದೆ. ಅದು ಒಂದೇ ಕಂಪನಿಯ ಬಳಿ ಇದ್ದರೆ ಪ್ರತಿ ಬಾರಿಯೂ ಅವರನ್ನೇ ಕೇಳಬೇಕು, ಕೇಳಿದ್ದೆಲ್ಲ ದಾಖಲಾಗುತ್ತದೆ.

ಪಾಲಿಕೆಯ ಬಳಿ ಇರುವುದೇನು, ಇಲ್ಲದ್ದೇನು

ನಮ್ಮ ಆಸ್ತಿ ದಾಖಲೆಗಳಲ್ಲಿ ಚಕ್ಕುಬಂದಿ ಇದೆ. ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಗೋಡೆ ಎಂದು ನಾಲ್ಕೂ ದಿಕ್ಕುಗಳನ್ನು ಬರೆದಿಡುವ ಈ ಪದ್ಧತಿ ಎಷ್ಟು ಹಳೆಯದೋ ಅಷ್ಟೇ ಉಪಯುಕ್ತ. ಇ-ಖಾತೆಯಲ್ಲಿ ಅದರ ಜೊತೆಗೆ ಸ್ವತ್ತಿನ ಛಾಯಾಚಿತ್ರವೂ ಇರುತ್ತದೆ. ಕಟ್ಟಡಕ್ಕೆ ಯಾವ ದಿಕ್ಕಿನಿಂದ ಹೋಗಲು ಸಾಧ್ಯ ಎಂಬುದರ ಅರ್ಧ ಉತ್ತರ ಅಲ್ಲೇ ಇದೆ. ಬಾಗಿಲು ಎಲ್ಲಿದೆ ಎಂಬ ಒಂದು ಸಾಲು ಮಾತ್ರ ಇಲ್ಲ. ವಾಸ್ತುವಿನ ಕಾರಣಕ್ಕೆ ರಸ್ತೆಗೆ ಬೆನ್ನು ಹಾಕಿ ಪೂರ್ವಕ್ಕೆ ಬಾಗಿಲಿಟ್ಟ ಕಟ್ಟಡಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ನೆನೆದರೆ ಆ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಡಿಜಿಪಿನ್ ಇದಕ್ಕೆ ನೆರವಾಗಬಲ್ಲದು. ಐಐಟಿ ಹೈದರಾಬಾದ್ ಮತ್ತು ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆಗೂಡಿ ರೂಪಿಸಿದ ಈ ಹತ್ತು ಅಕ್ಷರಗಳ ಸಂಕೇತ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸುತ್ತದೆ. ಮನೆಯ ನಡುವೆ ನಿಂತು ತೆಗೆದ ಡಿಜಿಪಿನ್ ಹಳೆಯ ಪಿನ್ನಿನ ದೋಷವನ್ನೇ ಮುಂದುವರಿಸುತ್ತದೆ. ಬಾಗಿಲಿನಲ್ಲಿ ನಿಂತು ತೆಗೆದರೆ ಬಾಗಿಲು ಸಿಗುತ್ತದೆ. ಎರಡು ಬಾಗಿಲಿದ್ದರೆ ಎರಡು ಸಂಕೇತ. ಅದರ ಮಿತಿಯೂ ಸ್ಪಷ್ಟ: ಮಹಡಿ ಎಷ್ಟನೆಯದು ಎಂದು ಅದು ಹೇಳುವುದಿಲ್ಲ, ಮೆಟ್ಟಿಲಿದೆಯೋ ಇಳಿಜಾರಿದೆಯೋ ಎಂದೂ ಹೇಳುವುದಿಲ್ಲ. ಆ ವಿವರಗಳನ್ನು ಪಕ್ಕದಲ್ಲಿ ಬರೆದಿಡಬೇಕು.

ಎಲ್ಲ ಕಟ್ಟಡಗಳನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಆಸ್ಪತ್ರೆಗಳು, ನ್ಯಾಯಾಲಯ, ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ಪರೀಕ್ಷಾ ಕೇಂದ್ರಗಳಾಗುವ ಕಾಲೇಜುಗಳು, ಮತಗಟ್ಟೆಗಳಾಗುವ ಶಾಲೆಗಳು ಮೊದಲು. ಪಾಲಿಕೆಯ 35 ವಾರ್ಡುಗಳಲ್ಲಿ ಇವನ್ನು ಪಟ್ಟಿ ಮಾಡುವುದು ದೊಡ್ಡ ಕೆಲಸವಲ್ಲ. ಸಮೀಕ್ಷೆಗೆ ಬೇಕಾದ ಉಪಕರಣಗಳು ಉಚಿತವಾಗಿವೆ: ಎವ್ರಿ ಡೋರ್ ಎಂಬ ಆ್ಯಪ್ ಬಾಗಿಲು ಮತ್ತು ಅಂಗಡಿಗಳನ್ನು ಗುರುತಿಸಲೆಂದೇ ಮಾಡಿದ್ದು, ಸ್ಟ್ರೀಟ್‌ಕಂಪ್ಲೀಟ್ ಎಂಬುದು ಸ್ಥಳದಲ್ಲಿ ನಿಂತವರನ್ನು ಸರಳ ಪ್ರಶ್ನೆ ಕೇಳಿ ಉತ್ತರವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುತ್ತದೆ. ಊರಿನಲ್ಲಿ ವಿಶ್ವವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಹಲವು ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಘಟಕಗಳಿವೆ. ಅಳತೆಪಟ್ಟಿ ಹಿಡಿದು ಮೆಟ್ಟಿಲು ಎಣಿಸಿ ಬರುವ ವಿದ್ಯಾರ್ಥಿಗಳ ಜೊತೆಗೆ ಗಾಲಿಕುರ್ಚಿ ಬಳಸುವವರೊಬ್ಬರು, ದೃಷ್ಟಿದೋಷ ಇರುವವರೊಬ್ಬರು ಇರಲೇಬೇಕು, ಅವರ ಶ್ರಮಕ್ಕೆ ಸಂಭಾವನೆಯನ್ನೂ ಕೊಡಬೇಕು. ಯಾವ ಬಾಗಿಲು ತನಗೆ ಆಗುತ್ತದೆ ಎಂದು ಹೇಳುವ ಪರಿಣತಿ ಅವರದ್ದು.

ಖಾಸಗಿ ಮನೆಗಳನ್ನು ಈ ಪಟ್ಟಿಯಿಂದ ಹೊರಗಿಡಬೇಕು. ಒಂಟಿಯಾಗಿ ಬದುಕುವ ಹೆಂಗಸರ, ವೃದ್ಧರ ಹಿತ್ತಿಲ ಬಾಗಿಲು ಎಲ್ಲಿದೆ ಎಂಬುದು ಊರಿಗೆಲ್ಲ ತಿಳಿಯಬೇಕಾದ ಸಂಗತಿಯಲ್ಲ. ಮನೆಯವರೇ ಬಯಸಿ ಕೊಟ್ಟರೆ ತೆಗೆದುಕೊಳ್ಳಬಹುದು, ಬೇಡವೆಂದ ದಿನ ಅಳಿಸಬೇಕು.

ಉಳಿಯುವ ಕಠಿಣ ಪ್ರಶ್ನೆ ನಿರ್ವಹಣೆಯದ್ದು. ಒಮ್ಮೆ ಸಮೀಕ್ಷೆ ಮಾಡಿ ಮರೆತ ದತ್ತಾಂಶ ಎರಡು ವರ್ಷದಲ್ಲಿ ಸುಳ್ಳಾಗುತ್ತದೆ: ಗೇಟು ಮುಚ್ಚುತ್ತದೆ, ಇಳಿಜಾರಿನ ಮೇಲೆ ಜನರೇಟರ್ ಬಂದು ಕೂರುತ್ತದೆ, ಸಂದಿಗೆ ಯಾರೋ ಕಬ್ಬಿಣದ ಬಾಗಿಲು ಹಾಕುತ್ತಾರೆ. ಇದಕ್ಕೆ ಕಾಯ್ದೆಯಲ್ಲೇ ಹಿಡಿಕೆ ಇದೆ. 2016ರ ಕಾಯ್ದೆಯ 44ನೇ ಕಲಂ ಪ್ರಕಾರ ಪ್ರವೇಶ ಮಾನದಂಡ ಪಾಲಿಸದ ಕಟ್ಟಡಕ್ಕೆ ನಿರ್ಮಾಣದ ಅನುಮತಿಯನ್ನಾಗಲಿ, ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. ಆ ಪ್ರಮಾಣಪತ್ರದ ಅರ್ಜಿಯಲ್ಲಿ ಪ್ರತಿ ಬಾಗಿಲಿನ ಡಿಜಿಪಿನ್, ಮೆಟ್ಟಿಲುಗಳ ಸಂಖ್ಯೆ, ಇಳಿಜಾರಿನ ಪ್ರಮಾಣ, ಅಗಲ, ತೆರೆದಿರುವ ವೇಳೆ ಎಂಬ ಐದು ಅಂಕಣಗಳನ್ನು ಸೇರಿಸಲು ಹೊಸ ಕಾನೂನು ಬೇಕಾಗುವುದಿಲ್ಲ. ವ್ಯಾಪಾರ ಪರವಾನಗಿಯ ನವೀಕರಣದಲ್ಲಿ ಅದೇ ಅಂಕಣಗಳನ್ನು ಮತ್ತೆ ಕೇಳಬಹುದು. ಹೀಗೆ ಬಂದ ವಿವರವನ್ನು ಮುಕ್ತ ಪರವಾನಗಿಯಡಿ ಪ್ರಕಟಿಸಿದರೆ ಗೂಗಲ್, ಮ್ಯಾಪ್‌ಮೈಇಂಡಿಯಾ, ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲವೂ ಅದನ್ನೇ ಬಳಸಬಹುದು. ಮೊದಲ ಅರ್ಜಿ ನಮೂನೆ ಪಾಲಿಕೆಯ ನಗರ ಯೋಜನಾ ವಿಭಾಗದಿಂದ ಬರಬೇಕು, ಮೊದಲು ತುಂಬಬೇಕಾದದ್ದು ಪಾಲಿಕೆ ಕಚೇರಿಯದ್ದೇ ಬಾಗಿಲುಗಳ ವಿವರ.